ಮೂರು ಪದರದ ಬಟ್ಟೆ

ಬಾಗಿಲು ತೆಗೆದ ಕೂಡಲೇ ಪಾಚಕ್ಕನ ಕಣ್ಣು ಕೋರೈಸಿತು. ಹತ್ತೊಂಬತ್ತು ವರ್ಷದಿಂದ ಕಣ್ಣು ಮುಚ್ಚಿಕೊಂಡು ಓಡಾಡಬಲ್ಲ ಕೋಣೆ ಅದು. ಇವತ್ತು ಹಣೆಗೆ ಕೈ ಅಡ್ಡ ಹಿಡಿಯದೆ ಒಳಗೆ ಕಾಲಿಡಲಾಗಲಿಲ್ಲ. ಚಾವಣಿಯ ಉದ್ದಕ್ಕೂ ಆರು ಹೊಸ ದೀಪಗಳು ಉರಿಯುತ್ತಿದ್ದವು, ಆಟದ ಮೈದಾನಕ್ಕೆ ಹಾಕುವಂಥವು. ಅವುಗಳ ಕೆಳಗೆ ಅವಳ ದೊಡ್ಡ ಪಾರದರ್ಶಕ ಕ್ಯಾನುಗಳೆಲ್ಲ ಬೆತ್ತಲೆ ನಿಂತಿದ್ದವು. ಒಂದೊಂದಕ್ಕೂ ಅವಳು ಕೈಯಾರೆ ಕಟ್ಟಿದ್ದ ಬಿಳಿ ಬಟ್ಟೆಯನ್ನೆಲ್ಲ ಯಾರೋ ಬಿಚ್ಚಿ, ನೀಟಾಗಿ ಮಡಚಿ, ಮೂಲೆಯ ಸ್ಟೂಲಿನ ಮೇಲೆ ಪೇರಿಸಿಟ್ಟಿದ್ದರು. ಆ ನೀಟು ನೋಡಿಯೇ ಅವಳಿಗೆ ಮೈ ಉರಿಯಿತು.

"ಯಾವ ಪುಣ್ಯಾತ್ಮ ಮಾಡಿದ್ದು ಇದು?" ಎಂದು ಖಾಲಿ ಕೋಣೆಗೆ ಕೇಳಿದಳು. ಗಾಳಿ ಕೊಳವೆಗಳು ಬುಳುಬುಳು ಎಂದವು, ಅಷ್ಟೇ.

ಅದು ಸಿಗಡಿ ಮರಿ ಮಾಡುವ ಹ್ಯಾಚರಿ. ಮರಿಗಳಿಗೆ ಊಟವಾಗುವ ಪಾಚಿ ಬೆಳೆಸುವುದು ಅವಳ ಕೆಲಸ. ಪಾಚಿಯ ಅಕ್ಕ ಎನ್ನುತ್ತಿದ್ದವರು ಬಾಯಿ ಸವೆದು ಪಾಚಕ್ಕ ಎಂದರು, ಈಗ ಹಾಜರಿ ಪುಸ್ತಕದಲ್ಲೂ ಅದೇ ಇದೆ. ಹೆತ್ತಮ್ಮ ಇಟ್ಟ ಹೆಸರು ಹಿಡಿದು ಕೂಗಿದರೆ ಅವಳು ತಿರುಗಿ ನೋಡುವುದೂ ಅನುಮಾನ.

ಅವಳು ಬೆಳೆಸುವ ಪಾಚಿ ಹಸಿರಲ್ಲ, ಕಂದು. ಒಂದು ಸಾಸಿವೆ ಕಾಳಿನ ಮೇಲೆ ಸಾವಿರಾರು ಕೂರಬಹುದಾದಷ್ಟು ಸಣ್ಣದು, ಮೈಸುತ್ತ ಗಾಜಿನಂಥ ಚಿಪ್ಪು. ಮೊಟ್ಟೆಯೊಡೆದ ಸಿಗಡಿ ಮರಿ ಮೊದಲ ಒಂದೂವರೆ ಎರಡು ದಿನ ಏನನ್ನೂ ಕೇಳುವುದಿಲ್ಲ, ತನ್ನೊಳಗೆ ತಂದ ಬುತ್ತಿಯನ್ನೇ ಕರಗಿಸಿಕೊಂಡು ಈಜುತ್ತದೆ. ಆಮೇಲೆ ಮೈಪೊರೆ ಕಳಚಿ ಬಾಯಿ ತೆರೆಯುತ್ತದೆ. ಬಾಯಿ ತೆರೆದ ಮೇಲೆ ನಾಳೆ ಬಾ, ನಾಡಿದ್ದು ಬಾ ಎನ್ನುವ ಹಾಗಿಲ್ಲ. ಆ ಹೊತ್ತಿಗೆ ನೀರಿನಲ್ಲಿ ಈ ಕಂದು ಪಾಚಿ ಇರಲೇಬೇಕು. ಇಲ್ಲದಿದ್ದರೆ ಒಂದೇ ದಿನದಲ್ಲಿ ಟ್ಯಾಂಕು ಪೂರ್ತಿ ತಳ ಸೇರುತ್ತದೆ. ಭಾನುವಾರ ಬೆಳಗ್ಗೆ ನಾಲ್ಕು ಟ್ಯಾಂಕುಗಳಲ್ಲಿ ಮರಿ ಒಡೆದಿದ್ದವು. ಇವತ್ತು ಸೋಮವಾರ. ನಾಳೆ ಬೆಳಗಾಗುವಷ್ಟರಲ್ಲಿ ಅಷ್ಟೂ ಬಾಯಿಗಳು ತೆರೆದುಕೊಳ್ಳುತ್ತವೆ.

ಪಾಚಕ್ಕ ಸಾಲಿನ ಮೊದಲ ಕ್ಯಾನಿಗೆ ಮೂಗು ಹಚ್ಚಿದಳು. ಹಳಸಿದ ವಾಸನೆ. ಗಟ್ಟಿ ಚಹಾದ ಬಣ್ಣಕ್ಕೆ ಇರಬೇಕಾದ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ಅಡಿಯಲ್ಲಿ ಬೂದು ಗಸಿ. ಎರಡನೆಯದೂ ಹಾಗೇ, ಹತ್ತನೆಯದೂ ಹಾಗೇ. ಒಂದು ಹನಿ ತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಗಾಜಿನ ಪುಟ್ಟ ಚಿಪ್ಪುಗಳು ಇದ್ದವು, ಮೂಲೆಗಳಿಂದ ಚಾಚಿದ ಕೂದಲೆಳೆಗಳೂ ಇದ್ದವು. ಒಳಗಿನ ಕಂದು ಮಾತ್ರ ಇರಲಿಲ್ಲ.

ಕೊನೆಗೆ ಹಿಂದಿನ ಗೋಡೆಯ ಕಪಾಟಿಗೆ ಹೋದಳು. ಅಲ್ಲಿ ಅವಳ ಬೀಜದ ಬುಡ್ಡಿಗಳು ಇರುತ್ತಿದ್ದವು. ಎಲ್ಲ ಪಾಚಿಗೂ ತಾಯಿಯಾದ ಆ ಎಂಟು ಗಾಜಿನ ಬುಡ್ಡಿಗಳನ್ನು ಮೂರು ಪದರ ಬಟ್ಟೆ ಸುತ್ತಿ, ಮಬ್ಬಿನಲ್ಲಿ, ನಿಧಾನವಾಗಿ ಬೆಳೆಯಲು ಬಿಟ್ಟು ಹತ್ತೊಂಬತ್ತು ವರ್ಷ ಕಾಪಾಡಿದ್ದಳು. ಅವುಗಳ ಬಟ್ಟೆಯನ್ನೂ ಬಿಟ್ಟಿರಲಿಲ್ಲ. ಎಂಟೂ ಬೆಳ್ಳಗಾಗಿದ್ದವು.

ಒಳಗೆ ಏಳುತ್ತಿದ್ದದ್ದು ಬರೀ ಸಿಟ್ಟಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೆ ಅಳುವುದಕ್ಕೆ ಪುರುಸೊತ್ತಿರಲಿಲ್ಲ, ಆದ್ದರಿಂದ ಸಿಟ್ಟನ್ನೇ ಇಟ್ಟುಕೊಂಡಳು. ಆರು ದೀಪಗಳ ಸ್ವಿಚ್ಚನ್ನೂ ಫಟಫಟನೆ ಆರಿಸಿ, ಚಪ್ಪಲಿ ಮೆಟ್ಟುವುದನ್ನೂ ಮರೆತು ಆಫೀಸಿನ ಕಡೆ ಹೊರಟಳು.

ಆಫೀಸಿನಲ್ಲಿ ಮ್ಯಾನೇಜರ್ ಕೂತಿದ್ದ. ಮ್ಯಾನೇಜರ್ ಬೇರೆ ಯಾರೂ ಅಲ್ಲ, ಅವಳ ಸ್ವಂತ ತಮ್ಮ. ಶಾಲೆ ಬಿಟ್ಟ ಕೂಡಲೇ ಅಕ್ಕನ ಕೋಣೆಗೆ ಓಡಿ ಬಂದು, ಕ್ಯಾನುಗಳ ನಡುವೆ ನೆಲದ ಮೇಲೆ ಕೂತು ಲೆಕ್ಕ ಬಿಡಿಸುತ್ತಿದ್ದವನು. ಮೀನುಗಾರಿಕೆಯನ್ನೇ ಓದಿ, ಎರಡು ವರ್ಷದ ಹಿಂದೆ ಇದೇ ಹ್ಯಾಚರಿಗೆ ಮ್ಯಾನೇಜರಾಗಿ ಬಂದ. ಬಂದ ದಿನ ಪಾಚಕ್ಕನಿಗೆ ನೆಲದ ಮೇಲೆ ಕಾಲು ನಿಂತಿರಲಿಲ್ಲ. ಮೂರನೆಯ ದಿನ ಅವನು ಎಲ್ಲರೆದುರು ಅವಳನ್ನು "ಪಾಚಿ ಸೆಕ್ಷನ್ನವರು" ಎಂದ. ಕಾಲು ನೆಲಕ್ಕೆ ತಾಗಿತು. ಏನೂ ಅನ್ನಲಿಲ್ಲ, ನುಂಗಿಕೊಂಡಳು. ಆಮೇಲೆ ನುಂಗುವುದೇ ರೂಢಿಯಾಯಿತು.

"ಬಂದ್ಯಾ ಅಕ್ಕ? ಅಮ್ಮನ ಕಣ್ಣು ಹೇಗಿದೆ?" ಎಂದ ಅವನು, ಕಾಗದದಿಂದ ತಲೆ ಎತ್ತದೆ.

ಅಮ್ಮನ ಕಣ್ಣಿನ ಪೊರೆ ತೆಗೆಸಲು ಅವಳು ಮೂರು ದಿನ ರಜೆ ಹಾಕಿದ್ದಳು. ಆ ಮೂರು ದಿನದಲ್ಲೇ ಇಷ್ಟೆಲ್ಲ ಆಗಿತ್ತು.

"ಕಪ್ಪು ಕನ್ನಡಕ ಹಾಕ್ಸಿ ಬಂದಿದೀನಿ. ಪಟ್ಟಿ ಬಿಚ್ಚಿದ ತಕ್ಷಣ ಬೆಳಕಿಗೆ ಬಿಡಬೇಡಿ ಅಂದ್ರು ಡಾಕ್ಟ್ರು. ಅವರಿಗೆ ಅಷ್ಟು ಬುದ್ಧಿ ಇದೆ. ನಿನ್ನ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?"

ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. "ಸ್ವಲ್ಪ ಬಿಳುಚಿಕೊಂಡಿದೆ ಅಷ್ಟೆ. ಎರಡು ದಿನ ಬಿಟ್ರೆ ಚೇತರಿಸ್ಕೊಳ್ಳುತ್ತೆ."

"ಸತ್ತಿದೆ ಕಣೋ! ಒಂದು ಹನಿಯಲ್ಲೂ ಜೀವ ಇಲ್ಲ. ಬೀಜದ ಬುಡ್ಡಿ ಸಮೇತ ಸತ್ತಿದೆ. ನಾಳೆ ಬೆಳಗ್ಗೆ ಮರಿ ಬಾಯಿ ಬಿಡ್ತಾವೆ, ಆಗ ಏನು ಹಾಕ್ತೀಯ? ನಿನ್ನ ಫೈಲ್ ಹಾಕ್ತೀಯಾ?"

"ಮೆಲ್ಲಗೆ ಮಾತಾಡು. ಹೊರಗೆ ಕೇಳ್ಸುತ್ತೆ."

"ಕೇಳಿಸ್ಲಿ ಅಂತಾನೇ ಕೂಗ್ತಿರೋದು. ಕೆಳಗಿನೂರಿನ ಹ್ಯಾಚರಿಗೆ ಫೋನ್ ಮಾಡು. ಹತ್ತು ಕ್ಯಾನ್ ಪಾಚಿ ಬೇಕು ಅಂತ ಕೇಳು. ಈಗಲೇ."

ಅವನು ಗೋಣು ಅಲ್ಲಾಡಿಸಿದ. ಎದುರಾಳಿಗಳ ಹತ್ತಿರ ಕೈ ಚಾಚಿದರೆ ಯಜಮಾನರ ಕಿವಿಗೆ ಬೀಳದೆ ಇರುವುದಿಲ್ಲ ಎಂದ. ಯಜಮಾನರು ನಾಡಿದ್ದು ಬರುವವರಿದ್ದಾರೆ ಎಂದ. ಆಮೇಲೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ದನಿ ಇಳಿಸಿ, ಮನೆಯ ದನಿಯಲ್ಲಿ ಹೇಳಿದ, "ನೋಡಕ್ಕ, ಪಾಚಿಗೆ ಹಾಕೋ ಗೊಬ್ಬರದ ಅಳತೆ ಏರುಪೇರಾಯ್ತು ಅಂತ ಹೇಳೋಣ. ನಿನ್ನನ್ನ ಯಾರೂ ಏನೂ ಅನ್ನಲ್ಲ. ಹತ್ತೊಂಬತ್ತು ವರ್ಷದ ಸರ್ವೀಸು. ನಂದು ಹಾಗಲ್ಲ."

ಪಾಚಿಗೆ ಗೊಬ್ಬರ ಬೆರೆಸುವವಳು ಅವಳೊಬ್ಬಳೇ. ತಮ್ಮ ಏನು ಕೇಳುತ್ತಿದ್ದಾನೆ ಎಂದು ತಲೆಗೆ ಇಳಿಯಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಇಳಿದ ಮೇಲೆ ಅವಳು ಕೂಗಲಿಲ್ಲ.

"ಒಂದೇ ಒಂದು ಮಾತು ಹೇಳು," ಎಂದಳು. "ಬಟ್ಟೆ ಯಾಕೆ ಕಟ್ತೀನಿ ಅಂತ ನಿಂಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ ಎಂದುಬಿಡಲಿ ಎಂದು ಅವಳಿಗೆ ಒಳಗೊಳಗೇ ಆಸೆಯಾಯಿತು. ಗೊತ್ತಿಲ್ಲದೆ ಮಾಡಿದ್ದಾದರೆ ನಾಲ್ಕು ಬೈದು, ಎರಡು ದಿನ ಮುಖ ಊದಿಸಿಕೊಂಡು, ಮೂರನೆಯ ದಿನ ಮಾತಾಡಿಸಬಹುದಿತ್ತು.

"ಗೊತ್ತಿತ್ತು," ಎಂದ ತಮ್ಮ. "ಯಜಮಾನರು ಯಾವುದೋ ಪ್ರದರ್ಶನದಲ್ಲಿ ನೋಡ್ಕೊಂಡು ಬಂದಿದ್ರು. ಬೆಳಕು ಜಾಸ್ತಿ ಆದಷ್ಟೂ ಪಾಚಿ ಜಾಸ್ತಿ ಅಂತ ಅವರ ತಲೇಲಿ ಕೂತಿತ್ತು. ದೀಪ ಕಳಿಸಿದ್ರು. ಬಟ್ಟೆ ಎಲ್ಲ ಬಿಚ್ಚಿ ಫೋಟೋ ಕಳಿಸು ಅಂದ್ರು. ಬೇಡ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ."

ಪಾಚಕ್ಕ ಅವನ ಮುಖವನ್ನೇ ನೋಡಿದಳು. ಅದೇ ಮೂಗು, ಅದೇ ಕಿವಿ, ಹುಬ್ಬಿನ ಮೇಲೆ ಅದೇ ಗಾಯದ ಗುರುತು. ಅವಳ ಪಿತ್ತ ನೆತ್ತಿಗೇರಿತು. ತಿರುಗಿ ಹೊರಗೆ ನಡೆದು, ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡಳೆಂದರೆ ಗೋಡೆಯ ಕ್ಯಾಲೆಂಡರ್ ಉದುರಿ ಬಿತ್ತು.

ಫೋನನ್ನು ಅವಳೇ ಮಾಡಿದಳು. ಕೆಳಗಿನ ಹ್ಯಾಚರಿಯಲ್ಲಿ ಪಾಚಿ ನೋಡಿಕೊಳ್ಳುವವಳು ಒಂದು ಕಾಲಕ್ಕೆ ಇವಳ ಕೈಕೆಳಗೆ ಕಲಿತವಳು.

"ಏನು ಗುರುಗಳೇ, ಶಿಷ್ಯೆ ನೆನಪಾದ್ಲಾ?" ಎಂದು ಅವಳು ಶುರುವಿನಲ್ಲೇ ಕಿಚಾಯಿಸಿದಳು. ಪಾಚಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಕಡೆ ನಗು ನಿಂತಿತು.

"ಬೀಜದ ಬುಡ್ಡಿ ಕೂಡ ಹೋಯ್ತಾ?"

"ಒಂದೂ ಉಳೀಲಿಲ್ಲ."

"ನಿಮ್ಮ ಕೈಯಿಂದ ತಂದ ಬೀಜಾನೇ ನಾನಿನ್ನೂ ಬೆಳೆಸ್ತಿರೋದು, ಅಕ್ಕ. ಎರಡು ಬುಡ್ಡಿ ಕಳಿಸ್ತೀನಿ, ಅದಕ್ಕೆ ಯೋಚನೆ ಬೇಡ. ಆದ್ರೆ ಬೆಳೆದ ಪಾಚಿ ಐದೇ ಕ್ಯಾನ್ ಕೊಡೋಕಾಗೋದು. ಅದಕ್ಕಿಂತ ಜಾಸ್ತಿ ಕೊಟ್ರೆ ನಮ್ಮ ಮರಿಗಳು ಹಸ್ಕೊಂಡಿರ್ತಾವೆ."

ಐದು ಕ್ಯಾನೆಂದರೆ ಎರಡು ಟ್ಯಾಂಕಿನ ಊಟ. ಟ್ಯಾಂಕುಗಳು ನಾಲ್ಕು. ಪಾಚಕ್ಕ ಆಗಲಿ ಎಂದು ವ್ಯಾನ್ ಹತ್ತಿಕೊಂಡು ಹೋಗಿ, ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಬುಡ್ಡಿಗೂ ಐದು ಕ್ಯಾನಿಗೂ ಒದ್ದೆ ಬಟ್ಟೆ ಹೊದಿಸಿ, ಮಗ್ಗುಲಲ್ಲೇ ಕೂತು ತಂದಳು. ಗುಂಡಿ ಹಾರಿದಾಗಲೆಲ್ಲ ಡ್ರೈವರ್‌ಗೆ ಬೈದಳು. ಅವನದೇನೂ ತಪ್ಪಿರಲಿಲ್ಲ.

ದಾರಿಯಲ್ಲಿ ಅಮ್ಮನ ಫೋನು. ತಮ್ಮ ಆಗಲೇ ಅಮ್ಮನ ಕಿವಿ ಊದಿಯಾಗಿತ್ತು. "ಅವನ ಮೇಲೆ ಹಾಗೆಲ್ಲ ಕೂಗಾಡಬಾರದು ಕಣೇ. ಚಿಕ್ಕವನು. ಪಾಪ, ಬೆಳಗ್ಗೆಯಿಂದ ಊಟ ಮಾಡಿಲ್ವಂತೆ."

"ಮರಿಗಳೂ ನಾಳೆ ಊಟ ಮಾಡಲ್ಲಮ್ಮ."

"ಯಾವ ಮರಿ?"

"ನೀನು ಕನ್ನಡಕ ತೆಗೀಬೇಡ," ಎಂದು ಫೋನಿಟ್ಟಳು.

ಮಂಗಳವಾರ ಬೆಳಗ್ಗೆ ನಾಲ್ಕೂ ಟ್ಯಾಂಕಿನಿಂದ ಒಂದೊಂದು ಲೋಟ ನೀರು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮರಿಗಳು ಮೈಪೊರೆ ಕಳಚಿದ್ದವು. ಎಲ್ಲವೂ ಚುರುಕಾಗಿದ್ದವು, ಅದೇ ಅವಳ ಹೊಟ್ಟೆ ಉರಿಸಿತು. ಒಂದಾದರೂ ಸೋತ ಟ್ಯಾಂಕಿದ್ದಿದ್ದರೆ ಆರಿಸುವುದು ಸುಲಭವಾಗುತ್ತಿತ್ತು. ಐದು ಕ್ಯಾನನ್ನು ನಾಲ್ಕಕ್ಕೂ ಹಂಚಿದರೆ ನಾಲ್ಕೂ ಹೋಗುತ್ತವೆ ಎಂದು ಅವಳಿಗೆ ಗೊತ್ತಿತ್ತು. ಅರ್ಧ ಹೊಟ್ಟೆಯಲ್ಲಿ ಬದುಕುವ ವಿದ್ಯೆ ಮನುಷ್ಯರಿಗೆ ಇರಬಹುದು, ಈ ಮರಿಗಳಿಗಿಲ್ಲ. ಬಾಗಿಲಿಗೆ ಹತ್ತಿರದ ಎರಡು ಟ್ಯಾಂಕಿಗೆ ಸುರಿದಳು. ಯಾಕೆ ಅವೇ ಎಂದರೆ ಉತ್ತರವಿಲ್ಲ, ಅವು ಹತ್ತಿರವಿದ್ದವು.

ತಮ್ಮ ಉಳಿದ ಎರಡಕ್ಕೆ ಡಬ್ಬಿಯ ಒಣಪುಡಿ ಕಲಸಿ ಹಾಕಿದ. ಮೊದಲ ದಿನದ ಬಾಯಿಗೆ ಆ ಪುಡಿ ದಪ್ಪ, ಅದೂ ಅವನಿಗೆ ಗೊತ್ತಿತ್ತು. ಮಧ್ಯಾಹ್ನಕ್ಕೆ ನೀರಿಗೆ ಮುಗ್ಗಲು ವಾಸನೆ ಬಂತು. ಸಂಜೆಗೆ ಮರಿಗಳು ಮೇಲೆ ಬರುವುದನ್ನು ನಿಲ್ಲಿಸಿದವು. ಬಾಗಿಲ ಹತ್ತಿರದ ಟ್ಯಾಂಕುಗಳಲ್ಲಿ ಮಾತ್ರ ಒಂದೊಂದು ಮರಿಯ ಮೈಯೊಳಗೂ ನೂಲಿನಷ್ಟು ಸಣ್ಣ ಕಂದು ಗೆರೆ ಮೂಡಿತ್ತು. ಊಟ ಇಳಿದ ಗುರುತು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಆ ಗೆರೆ ನೋಡಿದಾಗಲೂ ಪಾಚಕ್ಕನಿಗೆ ಸಮಾಧಾನ ಬರಲಿಲ್ಲ. ಆಚೆ ಗೋಡೆಯ ಎರಡು ಟ್ಯಾಂಕುಗಳ ಕಡೆ ಬೆನ್ನು ಹಾಕಿ ಕೂತಿದ್ದಳು, ಬೆನ್ನು ಸುಡುತ್ತಿತ್ತು.

ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಯಜಮಾನರು ಬಂದರು. ದೊಡ್ಡ ದನಿಯ, ಒಳ್ಳೆಯ ಮೂಡಿನ ಮನುಷ್ಯ. ಸೀದಾ ಪಾಚಿಯ ಕೋಣೆಗೆ ಬಂದು, "ಎಲ್ಲಿ, ನನ್ನ ಬೆಳಕಿನ ಚಮತ್ಕಾರ ತೋರ್ಸಿ" ಎಂದರು. ಆರಿಸಿದ ದೀಪ ಕಂಡಿತು. ಬೆಳ್ಳಗಾದ ಕ್ಯಾನುಗಳು ಕಂಡವು. ಆಚೆ ಹೋಗಿ ಟ್ಯಾಂಕುಗಳಲ್ಲಿ ಇಣುಕಿ ಬಂದರು. ಮೂಡು ಇಳಿಯಿತು.

"ಏನಿದು?"

ತಮ್ಮ ಗಂಟಲು ಸರಿಮಾಡಿಕೊಂಡ. "ಗೊಬ್ಬರದ ಅಳತೆಯಲ್ಲಿ ಸ್ವಲ್ಪ ಏರುಪೇರಾಯ್ತು ಸಾರ್. ಪಾಚಿ ಸೆಕ್ಷನ್ನವರಿಂದ."

ಅವಳು ಅಲ್ಲೇ, ಅವನಿಂದ ಎರಡು ಮಾರು ದೂರದಲ್ಲಿ, ಬೀಜದ ಹೊಸ ಬುಡ್ಡಿಗೆ ಬಟ್ಟೆ ಸುತ್ತುತ್ತ ನಿಂತಿದ್ದಳು. ಯಜಮಾನರು ಅವಳತ್ತ ತಿರುಗಿದರು. ಬೈಯಲಿಲ್ಲ, ಕನಿಕರ ಪಟ್ಟರು. "ವಯಸ್ಸಾಗ್ತಾ ಬಂತಲ್ಲಮ್ಮ. ಅಳತೆಯ ಗೆರೆ ಕಾಣಿಸ್ತಿಲ್ವೇನೋ, ಒಂದ್ಸಲ ಕಣ್ಣು ತೋರಿಸ್ಕೊಳ್ಳಿ."

ಎರಡು ವರ್ಷದಿಂದ ನುಂಗಿದ್ದೆಲ್ಲ ಒಮ್ಮೆಗೇ ಗಂಟಲಿಗೆ ಬಂತು. ಆದರೆ ಬಾಯಿಂದ ಹೊರಟ ದನಿ ಅವಳಿಗೇ ಆಶ್ಚರ್ಯವಾಗುವಷ್ಟು ತಣ್ಣಗಿತ್ತು.

"ನನ್ನ ಕಣ್ಣು ಚೆನ್ನಾಗಿದೆ ಸಾರ್," ಎಂದಳು. ತಮ್ಮನ ಕಡೆ ತಿರುಗಿದಳು. "ಸಾರ್‌ಗೆ ಹೇಳು. ಈ ಬಟ್ಟೆ ಯಾಕೆ ಸುತ್ತೋದು ಅಂತ ಹೇಳು."

"ಅಕ್ಕ..."

"ಹೇಳು. ನಾನು ಹೇಳಿದ್ರೆ ಹಳೇ ಕಾಲದವಳ ಮಾತಾಗುತ್ತೆ. ಓದಿದವನು ನೀನು, ನೀನು ಹೇಳು."

ಯಜಮಾನರೂ ಕೈಕಟ್ಟಿಕೊಂಡು, "ಹೇಳಿ ಮತ್ತೆ, ನನಗೂ ಗೊತ್ತಾಗ್ಲಿ" ಎಂದರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಅವನು ತಡವರಿಸುತ್ತ ಶುರುಮಾಡಿದ.

"ಪಾಚಿಯ ಮೈಯಲ್ಲಿ ಬೆಳಕು ಹಿಡಿಯೋಕೆ ಅಂತಲೇ ಬಣ್ಣದ ಕಣಗಳಿರ್ತವೆ ಸಾರ್. ಅವು ತಾವೇನೂ ಅಡುಗೆ ಮಾಡಲ್ಲ. ಹಿಡಿದ ಬೆಳಕನ್ನ ಪಕ್ಕದ ಕಣಕ್ಕೆ, ಅದು ಅದರ ಪಕ್ಕದ್ದಕ್ಕೆ, ಹೀಗೆ ಕೈಯಿಂದ ಕೈಗೆ ದಾಟಿಸ್ತಾ ಒಳಗೊಂದು ಜಾಗಕ್ಕೆ ತಲುಪಿಸ್ತವೆ. ನಿಜವಾದ ಕೆಲಸ ನಡೆಯೋದು ಅಲ್ಲಿ. ನೀರನ್ನ ಒಡೆದು, ಸಕ್ಕರೆ ಮಾಡೋಕೆ ಬೇಕಾದ ಶಕ್ತಿ ಅಲ್ಲಿ ತಯಾರಾಗುತ್ತೆ."

ಹೇಳುತ್ತ ಹೇಳುತ್ತ ಅವನ ದನಿ ಸರಿಹೋಯಿತು. ಕೈ ಜೇಬಿನಿಂದ ಹೊರಗೆ ಬಂತು. "ಮಬ್ಬಿನಲ್ಲಿ ಬೆಳೆದ ಪಾಚಿ ಸಿಕ್ಕಿದ ಚೂರುಪಾರು ಬೆಳಕನ್ನೂ ಬಿಡಬಾರದು ಅಂತ ಆ ಬಣ್ಣದ ಕಣಗಳನ್ನ ಜಾಸ್ತಿ ಮಾಡ್ಕೊಂಡಿರುತ್ತೆ. ಅದಕ್ಕೇ ಅಷ್ಟು ಗಾಢ ಕಂದು. ಅಂಥದ್ರ ಮೇಲೆ ಒಂದೇ ಸಲ ಜೋರು ಬೆಳಕು ಬಿಟ್ರೆ, ಹಿಡಿಯೋದು ಮಾತ್ರ ಹಿಡಿಯುತ್ತೆ, ಒಳಗೆ ಅಷ್ಟನ್ನ ಬಳಸೋಕಾಗಲ್ಲ. ಮಿಕ್ಕಿದ್ದನ್ನ ಬಿಸಿ ಮಾಡಿ ಹೊರಗೆ ಬಿಡುತ್ತೆ ಸಾರ್, ಆ ಉಪಾಯ ಅದಕ್ಕಿದೆ. ಆದ್ರೆ ಅದಕ್ಕೂ ಒಂದು ಮಿತಿ. ಮಿತಿ ದಾಟಿದ್ರೆ ಒಳಗಿನ ಆ ಜಾಗಾನೇ ಕೆಡುತ್ತೆ, ರಿಪೇರಿ ಮಾಡ್ಕೊಳ್ಳೋಕೂ ಪುರುಸೊತ್ತು ಸಿಗಲ್ಲ. ದಿನಕ್ಕೊಂದು ಪದರ ಬಟ್ಟೆ ತೆಗೆದ್ರೆ ಅದು ಬಣ್ಣ ಕಮ್ಮಿ ಮಾಡ್ಕೊಂಡು ಹೊಂದ್ಕೊಳ್ಳುತ್ತೆ. ಮೂರೂ ಪದರ ಒಂದೇ ದಿನ ಬಿಚ್ಚಿದ್ರೆ..."

ಅವನ ಕಣ್ಣು ಬೆಳ್ಳಗಾದ ಕ್ಯಾನುಗಳ ಮೇಲೆ ಬಿತ್ತು.

ಪಾಚಕ್ಕ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಅವಳು ಹತ್ತೊಂಬತ್ತು ವರ್ಷ ಕೈಯಲ್ಲಿ ಮಾಡಿದ್ದು, ಬಾಯಲ್ಲಿ ಹೇಳಲು ಬಾರದ್ದು, ಅವನ ಬಾಯಲ್ಲಿ ಎಷ್ಟು ಚೆಂದ ಬಂತು. ಅವಳಿಗಿಂತ ಚೆನ್ನಾಗಿ ಗೊತ್ತು ಅವನಿಗೆ. ಇವನು ನನ್ನ ತಮ್ಮ ಎಂದು ಎದೆ ಉಬ್ಬಬೇಕಾದ ಹೊತ್ತು ಅದು. ಎದೆಯಲ್ಲಿ ಬೆಂಕಿ ಬಿದ್ದಿತ್ತು.

ಯಜಮಾನರು ದೀಪಗಳನ್ನೊಮ್ಮೆ ನೋಡಿದರು. ಮೂಲೆಯ ಸ್ಟೂಲಿನ ಮೇಲಿನ ಬಟ್ಟೆಯ ರಾಶಿ ನೋಡಿದರು. "ನಂಗೆ ಫೋಟೋ ಕಳಿಸ್ದಾಗ ಇದೆಲ್ಲ ಗೊತ್ತಿತ್ತಾ ನಿಮಗೆ?"

ತಮ್ಮನ ಕೈ ಮತ್ತೆ ಜೇಬಿಗೆ ಹೋಯಿತು. "ಗೊತ್ತಿತ್ತು ಸಾರ್."

"ಮತ್ತೆ ಯಾಕ್ರೀ ಹೇಳ್ಲಿಲ್ಲ? ಏನು, ಬೈತಿದ್ದೆ. ನನ್ನ ಬೈಗುಳಕ್ಕೆ ಎರಡು ಟ್ಯಾಂಕು ಮರಿ ಬಲಿ ಕೊಟ್ರಾ?"

"ನೀವೂ ಕೇಳ್ಲಿಲ್ಲ ಸಾರ್," ಎಂದಳು ಪಾಚಕ್ಕ. ಯಜಮಾನರ ಮುಂದೆ ಅವಳು ಆ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. "ದೀಪ ಕಳಿಸೋಕೆ ಮುಂಚೆ, ಹತ್ತೊಂಬತ್ತು ವರ್ಷದಿಂದ ಇವಳು ಬಟ್ಟೆ ಯಾಕೆ ಕಟ್ತಾಳೆ ಅಂತ ಒಂದು ಮಾತು ಕೇಳಬಹುದಿತ್ತು. ಮೂರು ದಿನ ರಜೆ ಹಾಕಿದ್ದೆ, ಸತ್ತೇನೂ ಹೋಗಿರ್ಲಿಲ್ಲ. ಫೋನಿತ್ತು."

ಯಜಮಾನರ ಮುಖ ಕೆಂಪೇರಿತು. "ದೀಪ ಇಳಿಸ್ಬಿಡಿ," ಎಂದು ಯಾರಿಗೂ ಅಲ್ಲದಂತೆ ಹೇಳಿ, ಕಾರಿನ ಕಡೆ ನಡೆದರು. ತಮ್ಮನ ಕೆಲಸ ಉಳಿಯಿತೋ ಹೋಯಿತೋ ಹೇಳಲೇ ಇಲ್ಲ. ಅವಳ ಕ್ಷಮೆಯನ್ನೂ ಕೇಳಲಿಲ್ಲ.

ಕೋಣೆಯಲ್ಲಿ ಅಕ್ಕ ತಮ್ಮ ಇಬ್ಬರೇ ಉಳಿದರು.

"ನನ್ನ ಮಾನ ತೆಗೆದ್ಬಿಟ್ಟೆ ಅಕ್ಕ," ಎಂದ ಅವನು.

"ನಾನೆಲ್ಲಿ ತೆಗೆದೆ? ಪಾಠ ಹೇಳು ಅಂದೆ. ಚೆನ್ನಾಗಿ ಹೇಳಿದೆ." ಅವಳು ಬುಡ್ಡಿಯ ಬಟ್ಟೆಗೆ ಗಂಟು ಹಾಕಿ ಕಪಾಟಿನಲ್ಲಿಟ್ಟಳು. "ಶೂ ಬಿಚ್ಚು. ಗೋಡೆ ಕಡೆಯ ಎರಡು ಟ್ಯಾಂಕು ಬಸೀಬೇಕು. ಇನ್ನೊಂದು ದಿನ ಬಿಟ್ರೆ ಈಚೆಯವಕ್ಕೂ ರೋಗ ಹತ್ತುತ್ತೆ."

"ಆಳುಗಳಿಗೆ ಹೇಳ್ತೀನಿ."

"ನೀನೇ ಬಸಿ."

ಅವನು ಅವಳ ಮುಖ ನೋಡಿ ಶೂ ಬಿಚ್ಚಿದ. ಪ್ಯಾಂಟನ್ನು ಮೊಣಕಾಲಿಗೆ ಮಡಚಿದ. ಟ್ಯಾಂಕಿನ ಕಡೆ ನಡೆದು ಕೊಳವೆಯ ತಿರುಪು ತೆರೆದ. ಬೂದು ನೀರು ಸದ್ದು ಮಾಡುತ್ತ ಚರಂಡಿಗೆ ಹರಿಯಿತು. ನೀರು ಇಳಿದಂತೆ ತಳ ಕಾಣತೊಡಗಿತು, ಸೋಸಿದ ರವೆಯಂಥ ಬಿಳಿ ಪದರ, ಲಕ್ಷ ಲಕ್ಷ. ಅವನು ಒಳಗಿಳಿದು ಬಗ್ಗಿ, ಬ್ರಷ್ಷಿನಿಂದ ಅದನ್ನು ತೂತಿನ ಕಡೆ ತಳ್ಳತೊಡಗಿದ. ಎರಡು ನಿಮಿಷಕ್ಕೆ ಅವನ ಭುಜ ಅಲುಗತೊಡಗಿತು. ಅಳುತ್ತಿದ್ದನೋ, ಅಭ್ಯಾಸವಿಲ್ಲದ ಕೆಲಸಕ್ಕೆ ಏದುಸಿರೋ, ಮೇಲಿನಿಂದ ಗೊತ್ತಾಗುತ್ತಿರಲಿಲ್ಲ.

ಪಾಚಕ್ಕ ಕಟ್ಟೆಯ ಪಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಅವನು ಬೆನ್ನು ಬಗ್ಗಿಸಿದಾಗಲೆಲ್ಲ ಬ್ರಷ್ಷು ಕಸಿದುಕೊಂಡು ತಾನೇ ಗುಡಿಸಿಬಿಡುವ ಹಾಗೆ ಅವಳ ಕೈ ಮುಂದಾಗುತ್ತಿತ್ತು. ಕೈಯನ್ನು ಸೊಂಟಕ್ಕೆ ಇನ್ನೂ ಬಿಗಿಯಾಗಿ ಒತ್ತಿ ಹಿಡಿದಳು.

"ಅಕ್ಕ," ಎಂದು ಅವನು ಒಮ್ಮೆ ತಲೆ ಎತ್ತಿದ.

"ಆ ಮೂಲೇಲಿ ಇನ್ನೂ ಇವೆ ನೋಡು," ಎಂದಳು ಅವಳು.